ತೆಗೆದ ಸಿನಿಮಾವನ್ನು ತೋರಿಸಿ

ವಾರ್ನರ್ ಬ್ರದರ್ಸ್ ಮತ್ತು ಡಿಸಿ ಸ್ಟುಡಿಯೋಸ್‌ನ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ವಂಡರ್ ವುಮನ್ ಮೂವರೂ ನಿಮ್ಮ ಸುಪರ್ದಿನಲ್ಲಿದ್ದಾರೆ. ಕಾಗದಪತ್ರದ ಪ್ರಕಾರ ಅವರು ನಿಮ್ಮ ಆಸ್ತಿ. ಅವರ ಕತೆಗಳನ್ನು ಓದುತ್ತ, ನೋಡುತ್ತ ಬೆಳೆದ ಕೋಟ್ಯಂತರ ಜನರಿಗೆ ಅವರು ಬಾಲ್ಯದಿಂದ ಜೊತೆಗಿರುವ ಸಂಗಾತಿಗಳು. ಈ ಸಲುಗೆಯಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

2025ರ ಜುಲೈ 11ರಂದು ಜೇಮ್ಸ್ ಗನ್ ನಿರ್ದೇಶನದ ‘ಸೂಪರ್‌ಮ್ಯಾನ್’ ತೆರೆಗೆ ಬಂತು. ಡೇವಿಡ್ ಕೊರೆನ್ಸ್‌ವೆಟ್ ಹೊಸ ಸೂಪರ್‌ಮ್ಯಾನ್ ಆದರು. ಜಗತ್ತಿನಾದ್ಯಂತ ಸುಮಾರು 61 ಕೋಟಿ ಡಾಲರ್ ಗಳಿಸಿ ಚಿತ್ರ ಗೆದ್ದಿತು. ಅಭಿಮಾನಿಗಳ ಜಗಳ ಮಾತ್ರ ನಿಲ್ಲಲಿಲ್ಲ. ಜ್ಯಾಕ್ ಸ್ನೈಡರ್ ಕಟ್ಟಿದ ಲೋಕವೇ ಬೇಕು, ಹೆನ್ರಿ ಕ್ಯಾವಿಲ್ ಒಬ್ಬರೇ ಸೂಪರ್‌ಮ್ಯಾನ್ ಎನ್ನುವವರು ಒಂದು ಕಡೆ. ಆ ಕತ್ತಲೆ ಸಾಕು, ಗನ್ ತಂದ ನಗು ಮತ್ತು ಬೆಳಕು ಬೇಕು ಎನ್ನುವವರು ಇನ್ನೊಂದು ಕಡೆ. ಹೊರಗಿನಿಂದ ನೋಡಿದವರಿಗೆ ಇದು ಇಬ್ಬರು ನಿರ್ದೇಶಕರ ನಡುವಿನ ಪೈಪೋಟಿಯಂತೆ ಕಾಣುತ್ತದೆ. ನಾನು ಹಾಗೆ ತಿಳಿದಿಲ್ಲ. ಈ ಜಗಳದ ಬೇರು ನಿಮ್ಮ ಕಚೇರಿಯಲ್ಲಿದೆ. ಒಬ್ಬ ನಿರ್ದೇಶಕನನ್ನು ನಂಬಿ ಕೆಲಸ ಕೊಡುವುದು, ಅರ್ಧ ದಾರಿಯಲ್ಲಿ ಹೆದರುವುದು, ಅವನ ಸಿನಿಮಾವನ್ನು ಕತ್ತರಿಸುವುದು ಅಥವಾ ಹೂತುಹಾಕುವುದು: ಹತ್ತು ವರ್ಷಗಳಿಂದ ನೀವು ನಡೆದುಬಂದ ರೀತಿ ಇದು. ಅದನ್ನು ಬಿಡಿ ಎಂದು ಕೇಳುವುದಕ್ಕೇ ಈ ಪತ್ರ.

2013ರಲ್ಲಿ ಸ್ನೈಡರ್ ಅವರ ‘ಮ್ಯಾನ್ ಆಫ್ ಸ್ಟೀಲ್’ ಬಂದಾಗಲೂ ಅಭಿಮಾನಿಗಳಲ್ಲಿ ಒಮ್ಮತವಿರಲಿಲ್ಲ. ಕೊನೆಯಲ್ಲಿ ಸೂಪರ್‌ಮ್ಯಾನ್ ಶತ್ರುವಿನ ಕತ್ತು ಮುರಿದು ಕೊಂದದ್ದು ಸರಿಯೇ ಎಂಬುದು ದೊಡ್ಡ ಚರ್ಚೆಯಾಯಿತು. ಅದು ಒಳ್ಳೆಯ ಚರ್ಚೆ. ನಿರ್ದೇಶಕ ಒಂದು ನಿಲುವು ತೆಗೆದುಕೊಂಡಿದ್ದ, ನೋಡಿದವರು ಅದನ್ನು ಒಪ್ಪಿದರು ಅಥವಾ ಬಿಟ್ಟರು. ಕೆಟ್ಟ ಚರ್ಚೆ ಶುರುವಾದದ್ದು 2016ರಲ್ಲಿ, ‘ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್’ ಬಂದಾಗ. ಚಿತ್ರಮಂದಿರಕ್ಕೆ ಬಂದದ್ದು 151 ನಿಮಿಷದ ಪ್ರತಿ. ಕೆಲವೇ ತಿಂಗಳಲ್ಲಿ ಮನೆಯಲ್ಲಿ ನೋಡುವವರಿಗಾಗಿ 182 ನಿಮಿಷದ ಇನ್ನೊಂದು ಪ್ರತಿಯನ್ನು ನೀವೇ ಬಿಡುಗಡೆ ಮಾಡಿದಿರಿ. ಆಫ್ರಿಕಾದ ಘಟನೆಯ ಬಗ್ಗೆ ಸೂಪರ್‌ಮ್ಯಾನ್ ವಿರುದ್ಧ ಸಾಕ್ಷಿ ಹೇಳುವ ಹೆಂಗಸಿನ ಹಿಂದೆ ಯಾರಿದ್ದರು, ಬ್ಯಾಟ್‌ಮ್ಯಾನ್ ಮೇಲೆ ಕ್ಲಾರ್ಕ್ ಕೆಂಟ್‌ಗೆ ಅಷ್ಟು ಸಿಟ್ಟು ಯಾಕೆ ಎಂಬುದೆಲ್ಲ ಸ್ಪಷ್ಟವಾಗಿದ್ದುದು ಆ ಎರಡನೆಯ ಪ್ರತಿಯಲ್ಲಿ. ಚಿತ್ರಮಂದಿರದಲ್ಲಿ ದುಡ್ಡು ಕೊಟ್ಟು ಕೂತವರಿಗೆ ಕತೆಯ ಕೊಂಡಿಗಳೇ ಸಿಕ್ಕಿರಲಿಲ್ಲ. ಅಮೆರಿಕದಲ್ಲಿ ಮೊದಲ ವಾರಾಂತ್ಯ 16 ಕೋಟಿ 60 ಲಕ್ಷ ಡಾಲರ್ ತಂದ ಚಿತ್ರದ ಗಳಿಕೆ ಎರಡನೆಯ ವಾರಾಂತ್ಯಕ್ಕೆ ಶೇಕಡಾ 69ರಷ್ಟು ಕುಸಿಯಿತು. ನೋಡಿ ಬಂದವರು ಇನ್ನೊಬ್ಬರಿಗೆ ಹೋಗಿ ನೋಡಿ ಎಂದು ಹೇಳಲಿಲ್ಲ.

ಈ ಕುಸಿತದಿಂದ ಪೂರ್ತಿ ಸಿನಿಮಾ ತೋರಿಸಬೇಕಿತ್ತು ಎಂಬ ಪಾಠ ಕಲಿಯಬಹುದಿತ್ತು. ನೀವು ಕಲಿತದ್ದು ಇನ್ನೂ ಹೆಚ್ಚು ಕೈ ಹಾಕಬೇಕೆಂದು. ಅದೇ ವರ್ಷ ಬಂದ ಡೇವಿಡ್ ಏಯರ್ ಅವರ ‘ಸೂಯಿಸೈಡ್ ಸ್ಕ್ವಾಡ್’ನ ಸಂಕಲನದಲ್ಲಿ ಅದರ ಟ್ರೇಲರ್ ಮಾಡಿದ ಕಂಪನಿಯ ಕೈವಾಡವೂ ಇತ್ತೆಂದು ಪತ್ರಿಕೆಗಳು ವರದಿ ಮಾಡಿದವು. ತೆರೆಗೆ ಬಂದದ್ದು ತನ್ನ ಸಿನಿಮಾ ಅಲ್ಲವೆಂದು ಏಯರ್ ಮುಂದೆ ಮತ್ತೆ ಮತ್ತೆ ಹೇಳಿದರು. ಎರಡೂವರೆ ನಿಮಿಷ ಕಣ್ಣು ಸೆಳೆಯುವ ಕಸುಬು ಬೇರೆ, ಎರಡು ಗಂಟೆ ಮನಸ್ಸು ಹಿಡಿದಿಡುವ ಕಸುಬು ಬೇರೆ.

2017ರ ‘ಜಸ್ಟಿಸ್ ಲೀಗ್’ ಬಗ್ಗೆ ಬರೆಯುವಾಗ ಮೊದಲು ಒಂದು ಸಾವನ್ನು ನೆನೆಯಬೇಕು. ಆ ಚಿತ್ರದ ಕೆಲಸ ನಡೆದಿದ್ದಾಗಲೇ ಸ್ನೈಡರ್ ತಮ್ಮ ಮಗಳನ್ನು ಕಳೆದುಕೊಂಡರು. ಮೇ ತಿಂಗಳಲ್ಲಿ ಚಿತ್ರದಿಂದ ಹೊರಬಂದರು. ಅಂಥ ಹೊತ್ತಿನಲ್ಲಿ ಬಿಡುಗಡೆಯನ್ನು ಮುಂದಕ್ಕೆ ಹಾಕಿದ್ದರೆ ಯಾವ ಪ್ರೇಕ್ಷಕನೂ ಬೇಸರಪಡುತ್ತಿರಲಿಲ್ಲ. ನವೆಂಬರ್‌ನ ತಾರೀಖನ್ನು ನೀವು ಬಿಡಲಿಲ್ಲ. ಜಾಸ್ ವೀಡನ್ ಅವರನ್ನು ಕರೆಸಿ ಹೊಸದಾಗಿ ಬರೆಸಿ ಚಿತ್ರೀಕರಿಸಿದಿರಿ, ಎರಡು ಗಂಟೆಗೆ ಮುಗಿಯಬೇಕೆಂದು ಕಟ್ಟುಮಾಡಿದಿರಿ. ಹೆನ್ರಿ ಕ್ಯಾವಿಲ್ ಅಷ್ಟರಲ್ಲಿ ‘ಮಿಷನ್ ಇಂಪಾಸಿಬಲ್’ಗಾಗಿ ಮೀಸೆ ಬಿಟ್ಟಿದ್ದರು. ಅದನ್ನು ಕಂಪ್ಯೂಟರಿನಲ್ಲಿ ಅಳಿಸಿದ್ದರಿಂದ ಸೂಪರ್‌ಮ್ಯಾನ್‌ನ ಮುಖವೇ ವಿಕಾರವಾಯಿತು. ಜನ ಆ ತುಟಿಯನ್ನು ನೋಡಿ ನಕ್ಕರು. ನನಗೆ ಹೆಚ್ಚು ನೋವು ಕೊಟ್ಟದ್ದು ರೇ ಫಿಶರ್ ಅಭಿನಯಿಸಿದ ಸೈಬಾರ್ಗ್ ಪಾತ್ರಕ್ಕೆ ಆದ ಗತಿ. ತಾಯಿಯನ್ನು ಕಳೆದುಕೊಂಡು, ಅರ್ಧ ದೇಹ ಯಂತ್ರವಾಗಿ, ತಂದೆಯ ಮೇಲಿನ ಸಿಟ್ಟಿನಲ್ಲಿ ಬದುಕುವ ಆ ಹುಡುಗನೇ ಸ್ನೈಡರ್ ಕತೆಯ ಹೃದಯ. ಚಿತ್ರಮಂದಿರದ ಪ್ರತಿಯಲ್ಲಿ ಅವನು ನಾಯಕರ ಗುಂಪಿನಲ್ಲಿ ಒಬ್ಬ, ಅಷ್ಟೇ. ಇಷ್ಟೆಲ್ಲ ಮಾಡಿದ ಚಿತ್ರ ಸುಮಾರು 65 ಕೋಟಿ ಡಾಲರ್ ಗಳಿಸಿತು. ಇಬ್ಬರೇ ನಾಯಕರಿದ್ದ ಹಿಂದಿನ ಚಿತ್ರ ಸುಮಾರು 87 ಕೋಟಿ ಗಳಿಸಿತ್ತು.

ಅಲ್ಲಿಂದ ಮುಂದೆ ನಡೆದದ್ದು ಸಿನಿಮಾ ಇತಿಹಾಸದಲ್ಲಿ ಅಪರೂಪ. ಸ್ನೈಡರ್ ಪ್ರತಿಯನ್ನು ಬಿಡುಗಡೆ ಮಾಡಿ ಎಂದು ಅಭಿಮಾನಿಗಳು ಎರಡೂವರೆ ವರ್ಷ ಬೆನ್ನು ಹತ್ತಿದರು. ಆ ಚಳವಳಿಯಲ್ಲಿದ್ದ ಕೆಲವರು ಬೇರೆ ಮತದವರನ್ನು ಹೀನಾಯವಾಗಿ ಬೈದರು, ಬೆದರಿಸಿದರು. ಆ ಕೆಲಸವನ್ನು ಯಾವ ಪ್ರೀತಿಯ ಹೆಸರಿನಲ್ಲೂ ಸಮರ್ಥಿಸಲಾಗದು. ಅದೇ ಚಳವಳಿಯ ಇನ್ನೂ ಅನೇಕರು, ಮಗಳನ್ನು ಕಳೆದುಕೊಂಡ ತಂದೆಯ ದುಃಖವನ್ನು ತಮ್ಮದೆಂದುಕೊಂಡು, ಆತ್ಮಹತ್ಯೆ ತಡೆಗಾಗಿ ದುಡಿಯುವ ಅಮೆರಿಕದ ಪ್ರತಿಷ್ಠಾನಕ್ಕೆ ಲಕ್ಷಾಂತರ ಡಾಲರ್ ಕೂಡಿಸಿ ಕೊಟ್ಟರು. 2020ರ ಮೇ ತಿಂಗಳಲ್ಲಿ ನೀವು ಒಪ್ಪಿದಿರಿ. 2021ರ ಮಾರ್ಚ್ 18ರಂದು ನಾಲ್ಕು ಗಂಟೆ ಎರಡು ನಿಮಿಷದ ಚಿತ್ರ ಹೊರಬಂತು. ಭಾರತದಲ್ಲಿ ಅದು ಬುಕ್‌ಮೈಶೋ ಸ್ಟ್ರೀಮ್‌ನಂಥ ಕಡೆ ಬಾಡಿಗೆಗೆ ಸಿಕ್ಕಿತು. ಅದು ಕುಂದಿಲ್ಲದ ಚಿತ್ರವಲ್ಲ. ಉದ್ದ ಹೆಚ್ಚು, ನಿಧಾನ ಹೆಚ್ಚು. ಆದರೆ ಅದಕ್ಕೊಂದು ಉಸಿರಿತ್ತು, ಸೈಬಾರ್ಗ್‌ಗೆ ಅವನ ಕತೆ ಮರಳಿ ಸಿಕ್ಕಿತ್ತು. ಇಷ್ಟಪಡದವರು ಕೂಡ ಅದನ್ನು ಒಬ್ಬ ಮನುಷ್ಯ ಯೋಚಿಸಿ ಮಾಡಿದ ಚಿತ್ರವೆಂದು ಒಪ್ಪಿದರು.

ಹೀಗೆ ಕೊಟ್ಟದ್ದು ಅದೇ ಮೊದಲೂ ಆಗಿರಲಿಲ್ಲ. ರಿಚರ್ಡ್ ಡಾನರ್ 1978ರ ‘ಸೂಪರ್‌ಮ್ಯಾನ್’ ಜೊತೆಜೊತೆಗೇ ಎರಡನೆಯ ಭಾಗದ ದೊಡ್ಡ ಪಾಲನ್ನೂ ಚಿತ್ರೀಕರಿಸಿದ್ದರು. ನಿರ್ಮಾಪಕರಾದ ಸಾಲ್ಕೈಂಡ್‌ಗಳು ಅವರನ್ನು ತೆಗೆದು ರಿಚರ್ಡ್ ಲೆಸ್ಟರ್ ಕೈಯಲ್ಲಿ ಅದನ್ನು ಮುಗಿಸಿದರು. ಡಾನರ್ ಪ್ರತಿ ಬೇಕೆಂದು ಅಭಿಮಾನಿಗಳು ಕೇಳುತ್ತಲೇ ಬಂದರು. 2006ರಲ್ಲಿ ನಿಮ್ಮ ಸಂಸ್ಥೆಯೇ ಅದನ್ನು ಹೊರತಂದಿತು, ಮಾರ್ಲನ್ ಬ್ರ್ಯಾಂಡೊ ಅಭಿನಯದ ಬಿಟ್ಟುಹೋಗಿದ್ದ ದೃಶ್ಯಗಳು ಜನರಿಗೆ ಸಿಕ್ಕವು. ಈಗ ಲೆಸ್ಟರ್ ಪ್ರತಿ, ಡಾನರ್ ಪ್ರತಿ ಎರಡೂ ಇವೆ. ಬೇಕಾದವರು ಬೇಕಾದ್ದನ್ನು ನೋಡುತ್ತಾರೆ. ಯಾರಿಗೂ ನಷ್ಟವಾಗಿಲ್ಲ.

ಅಭಿಮಾನಿಗಳು ಹೇಳಿದಂತೆಲ್ಲ ಕುಣಿದರೆ ಸಿನಿಮಾ ಮಾಡುವುದು ಹೇಗೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 1989ರ ‘ಬ್ಯಾಟ್‌ಮ್ಯಾನ್’ಗೆ ಮೈಕೆಲ್ ಕೀಟನ್ ಆಯ್ಕೆಯಾದಾಗ, ಹಾಸ್ಯನಟನೊಬ್ಬ ಬ್ಯಾಟ್‌ಮ್ಯಾನ್ ಆಗುವುದೇ ಎಂದು ನಿಮ್ಮ ಕಚೇರಿಗೆ ಸಾವಿರಾರು ಪ್ರತಿಭಟನೆಯ ಪತ್ರಗಳು ಬಂದವು. ನೀವು ಬಗ್ಗಲಿಲ್ಲ. ಇಂದಿಗೂ ಅನೇಕರಿಗೆ ಕೀಟನ್ ಅವರೇ ಬ್ಯಾಟ್‌ಮ್ಯಾನ್. ಹೀತ್ ಲೆಜರ್ ಜೋಕರ್ ಆಗುತ್ತಾರೆಂದಾಗಲೂ ಜನ ಗೊಣಗಿದರು. 2008ರಲ್ಲಿ ‘ದ ಡಾರ್ಕ್ ನೈಟ್’ ಬಂದ ಮೇಲೆ ಗೊಣಗಾಟ ಅಡಗಿತು, ಮರುವರ್ಷ ಅವರಿಗೆ ಮರಣೋತ್ತರವಾಗಿ ಆಸ್ಕರ್ ಬಂತು. ಇನ್ನೂ ಹಿಂದೆ, 1988ರಲ್ಲಿ, ಬ್ಯಾಟ್‌ಮ್ಯಾನ್‌ನ ಜೊತೆಗಾರ ಜೇಸನ್ ಟಾಡ್ ಬದುಕಬೇಕೇ ಸಾಯಬೇಕೇ ಎಂದು ಡಿಸಿ ಕಾಮಿಕ್ಸ್ ಓದುಗರಿಂದ ಫೋನಿನಲ್ಲಿ ಮತ ಕೇಳಿತ್ತು. 5,271 ಮತ ಬದುಕಲಿ ಎಂದಿತು, 5,343 ಮತ ಸಾಯಲಿ ಎಂದಿತು. 72 ಮತದಿಂದ ಒಂದು ಪಾತ್ರ ಸತ್ತಿತು. ಕತೆಗಾರನ ಕೆಲಸವನ್ನು ಮತಪೆಟ್ಟಿಗೆಗೆ ಒಪ್ಪಿಸಬಾರದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದ್ದರಿಂದ ನನ್ನ ಬೇಡಿಕೆಯ ಗಡಿ ಸ್ಪಷ್ಟವಾಗಿದೆ. ಯಾರು ಬರೆಯಬೇಕು, ಯಾರು ನಟಿಸಬೇಕು, ಕತೆ ಎತ್ತ ಸಾಗಬೇಕು ಎಂದು ಹೇಳುವ ಹಕ್ಕು ಪ್ರೇಕ್ಷಕರಿಗಿಲ್ಲ. ಅದು ಮಾಡುವವರದ್ದು. ಮಾಡಿದ್ದನ್ನು ನೋಡಿ ಒಳ್ಳೆಯದು ಕೆಟ್ಟದ್ದು ಹೇಳುವುದು ನಮ್ಮದು. ನೀವು ಮಾಡುವವರ ಹಕ್ಕನ್ನೂ ಕಿತ್ತುಕೊಂಡಿರಿ, ನೋಡುವವರ ಹಕ್ಕನ್ನೂ ಕಿತ್ತುಕೊಂಡಿರಿ.

ಈ ಮಾತು ಕಠಿಣವೆನಿಸಿದರೆ ‘ಬ್ಯಾಟ್‌ಗರ್ಲ್’ ಚಿತ್ರವನ್ನು ನೆನಪಿಸಿಕೊಳ್ಳಿ. ಆದಿಲ್ ಎಲ್ ಅರ್ಬಿ ಮತ್ತು ಬಿಲಾಲ್ ಫಲ್ಲಾ ಎಂಬ ಬೆಲ್ಜಿಯಂನ ಇಬ್ಬರು ಯುವ ನಿರ್ದೇಶಕರು ಸ್ಕಾಟ್ಲೆಂಡಿನ ಗ್ಲಾಸ್ಗೋದ ಬೀದಿಗಳನ್ನೇ ಗಾಥಮ್ ನಗರವಾಗಿಸಿ ಅದನ್ನು ಚಿತ್ರೀಕರಿಸಿದರು. ಲೆಸ್ಲಿ ಗ್ರೇಸ್ ನಾಯಕಿ. ಮೈಕೆಲ್ ಕೀಟನ್ ಮತ್ತೆ ಬ್ಯಾಟ್‌ಮ್ಯಾನ್ ಆಗಿದ್ದರು, ಬ್ರೆಂಡನ್ ಫ್ರೇಸರ್ ಖಳನಾಗಿದ್ದರು. ಸುಮಾರು 9 ಕೋಟಿ ಡಾಲರ್ ಖರ್ಚಾಗಿತ್ತು. ಚಿತ್ರೀಕರಣ ಮುಗಿದಿತ್ತು, ಸಂಕಲನ ನಡೆದಿತ್ತು. 2022ರ ಏಪ್ರಿಲ್‌ನಲ್ಲಿ ಡಿಸ್ಕವರಿ ಜೊತೆಗಿನ ವಿಲೀನ ಪೂರ್ಣವಾಗಿ ಡೇವಿಡ್ ಜಾಸ್ಲವ್ ಮುಖ್ಯಸ್ಥರಾದರು. ಆಗಸ್ಟ್ ತಿಂಗಳ ಆರಂಭದಲ್ಲೇ ಚಿತ್ರ ಎಂದೂ ಬಿಡುಗಡೆಯಾಗುವುದಿಲ್ಲ ಎಂಬ ಸುದ್ದಿ ಬಂತು. ಅದನ್ನು ನಷ್ಟವೆಂದು ತೋರಿಸಿದರೆ ತೆರಿಗೆ ಉಳಿಯುತ್ತದೆ ಎಂಬುದು ಲೆಕ್ಕ. ತಮ್ಮ ಸಿನಿಮಾದ ದೃಶ್ಯಗಳನ್ನಾದರೂ ಫೋನಿನಲ್ಲಿ ಹಿಡಿದಿಟ್ಟುಕೊಳ್ಳೋಣವೆಂದು ಸರ್ವರ್ ತೆರೆದಾಗ ಅಲ್ಲಿ ಏನೂ ಉಳಿದಿರಲಿಲ್ಲ ಎಂದು ಆ ನಿರ್ದೇಶಕರು ಮುಂದೆ ಹೇಳಿದರು. ಬಂಡವಾಳವಿಲ್ಲದೆ ಡಬ್ಬದಲ್ಲೇ ಉಳಿದ ಸಿನಿಮಾಗಳು ಎಲ್ಲ ಭಾಷೆಗಳಲ್ಲೂ ಇವೆ. ಅವುಗಳ ಹಿಂದೆ ಬಡತನವಿದೆ, ದುರದೃಷ್ಟವಿದೆ. ನೂರಾರು ಜನ ದುಡಿದು ಮುಗಿಸುತ್ತಿದ್ದ ಸಿನಿಮಾವನ್ನು ಶ್ರೀಮಂತ ಸಂಸ್ಥೆಯೊಂದು ಲೆಕ್ಕಪುಸ್ತಕಕ್ಕಾಗಿ ಹೂಳುವುದು ಬೇರೆಯೇ ಸಂಗತಿ. ಅದು ಅನ್ಯಾಯ.

ಚಿತ್ರ ಬಿಡುಗಡೆಗೆ ಯೋಗ್ಯವಾಗಿರಲಿಲ್ಲ, ಬಂದಿದ್ದರೆ ಡಿಸಿಗೂ ಅದರಲ್ಲಿದ್ದವರಿಗೂ ಹಾನಿಯಾಗುತ್ತಿತ್ತು ಎಂದು ಡಿಸಿ ಸ್ಟುಡಿಯೋಸ್‌ನ ಪೀಟರ್ ಸಫ್ರನ್ 2023ರ ಜನವರಿಯಲ್ಲಿ ಹೇಳಿದರು. ಅದೇ ದಿನಗಳಲ್ಲಿ ನಿಮ್ಮ ಸಂಸ್ಥೆಯ ದೊಡ್ಡವರು ‘ದ ಫ್ಲ್ಯಾಶ್’ ಚಿತ್ರವನ್ನು ಬಾಯ್ತುಂಬ ಹೊಗಳುತ್ತಿದ್ದರು. ಈವರೆಗಿನ ಅತ್ಯುತ್ತಮ ಸೂಪರ್‌ಹೀರೊ ಚಿತ್ರಗಳಲ್ಲಿ ಅದೂ ಒಂದು ಎಂದು ಸಫ್ರನ್ ಜೊತೆ ಡಿಸಿ ಸ್ಟುಡಿಯೋಸ್‌ನ ಮುಖ್ಯಸ್ಥರಾಗಿದ್ದ ಜೇಮ್ಸ್ ಗನ್ ಕೂಡ ಹೇಳಿದ್ದರು. ಜೂನ್‌ನಲ್ಲಿ ಅದು ಬಂದಾಗ ಗಳಿಸಿದ್ದು ಸುಮಾರು 27 ಕೋಟಿ ಡಾಲರ್, ಅದಕ್ಕೆ ಹಾಕಿದ ಬಂಡವಾಳವೇ 20 ಕೋಟಿ ಮೀರಿತ್ತು. ಇದರಿಂದ ಒಂದಂತೂ ತಿಳಿಯುತ್ತದೆ: ಯಾವ ಚಿತ್ರ ನೋಡಲು ಯೋಗ್ಯ, ಯಾವುದು ಅಲ್ಲ ಎಂಬ ತೀರ್ಪನ್ನು ಒಳಗಿನ ಪ್ರದರ್ಶನದ ಕೋಣೆಯಲ್ಲಿ ಕೊಡಲಾಗದು.

ಸೋಲಿನ ಭಯವಿದ್ದರೆ ‘ಜೋಕರ್’ ಚಿತ್ರಗಳ ಉದಾಹರಣೆ ನಿಮ್ಮ ಕಣ್ಣೆದುರಿಗೇ ಇದೆ. 2019ರಲ್ಲಿ ಟಾಡ್ ಫಿಲಿಪ್ಸ್ ಅವರನ್ನು ಅವರ ಪಾಡಿಗೆ ಬಿಟ್ಟಿರಿ. ಚಿತ್ರ ನೂರು ಕೋಟಿ ಡಾಲರ್ ದಾಟಿತು, 11 ಆಸ್ಕರ್ ನಾಮನಿರ್ದೇಶನ ಪಡೆದು ಎರಡನ್ನು ಗೆದ್ದಿತು. 2024ರಲ್ಲಿ ಅವರದೇ ಎರಡನೆಯ ಭಾಗ ಬಂದು ಹೀನಾಯವಾಗಿ ಸೋತಿತು. ಆ ಸೋಲಿನ ಬಗ್ಗೆ ಯಾವ ಅಭಿಮಾನಿ ಬಳಗವೂ ವರ್ಷಗಟ್ಟಲೆ ಚಳವಳಿ ಮಾಡಿಲ್ಲ. ನಿರ್ದೇಶಕ ಮಾಡಬೇಕೆಂದದ್ದನ್ನು ಮಾಡಿದ, ನಾವು ನೋಡಿದೆವು, ಬಹಳ ಮಂದಿಗೆ ಹಿಡಿಸಲಿಲ್ಲ, ಮಾತು ಮುಗಿಯಿತು. ಸೋತ ಸಿನಿಮಾವನ್ನು ಜನ ಮರೆಯುತ್ತಾರೆ. ಕಸಿದುಕೊಂಡ ಸಿನಿಮಾವನ್ನು ಮರೆಯುವುದಿಲ್ಲ.

ಕೊಟ್ಟ ಮಾತಿನ ವಿಷಯವೂ ಇದೆ. 2022ರ ಅಕ್ಟೋಬರಿನಲ್ಲಿ ‘ಬ್ಲ್ಯಾಕ್ ಆಡಮ್’ ಕೊನೆಯಲ್ಲಿ ಹೆನ್ರಿ ಕ್ಯಾವಿಲ್ ಕಾಣಿಸಿಕೊಂಡರು. ತಾನು ಸೂಪರ್‌ಮ್ಯಾನ್ ಆಗಿ ಮರಳಿದ್ದೇನೆ ಎಂದು ಅವರೇ ಜನರಿಗೆ ತಿಳಿಸಿದರು. ಎರಡು ತಿಂಗಳೂ ತುಂಬುವ ಮೊದಲೇ, ಡಿಸೆಂಬರಿನಲ್ಲಿ, ತಾನು ಮರಳುವುದಿಲ್ಲ ಎಂದೂ ಅವರೇ ಹೇಳಬೇಕಾಯಿತು. ಮುಂದಿನ ವರ್ಷ ‘ಶಜಾಮ್’ ಎರಡನೆಯ ಭಾಗ, ‘ದ ಫ್ಲ್ಯಾಶ್’, ‘ಬ್ಲೂ ಬೀಟಲ್’, ‘ಆಕ್ವಾಮ್ಯಾನ್’ ಎರಡನೆಯ ಭಾಗ ಸಾಲಾಗಿ ಬಂದವು. ಹೊಸ ಲೋಕ ಶುರುವಾಗುತ್ತದೆ ಎಂದು ಅಷ್ಟು ಹೊತ್ತಿಗಾಗಲೇ ನೀವು ಸಾರಿದ್ದಿರಿ. ಮುಂದುವರಿಯದ ಕತೆಗೆ ಮನಸ್ಸು ಕೊಡುವವರು ಕಡಿಮೆ. 2018ರಲ್ಲಿ ನೂರು ಕೋಟಿ ಡಾಲರ್ ದಾಟಿದ್ದ ‘ಆಕ್ವಾಮ್ಯಾನ್’ನ ಎರಡನೆಯ ಭಾಗ ಅದರ ಅರ್ಧವನ್ನೂ ಗಳಿಸಲಿಲ್ಲ. ಆ ಚಿತ್ರಗಳಿಗಾಗಿ ದುಡಿದವರು ನಿಮ್ಮ ಒಳಜಗಳಗಳ ಬೆಲೆ ತೆತ್ತರು.

ಇದರ ಹಿಂದಿನ ಕಾರಣ ನನಗೆ ಅರ್ಥವಾಗುತ್ತದೆ. 2001ರಲ್ಲಿ ಎಒಎಲ್, 2018ರಲ್ಲಿ ಎಟಿ ಅಂಡ್ ಟಿ, 2022ರಲ್ಲಿ ಡಿಸ್ಕವರಿ. 2025ರ ಕೊನೆಗೆ ನಿಮ್ಮ ಸಂಸ್ಥೆಯನ್ನು ಕೊಳ್ಳಲು ಮತ್ತೆ ಪೈಪೋಟಿ ಶುರುವಾಯಿತು. ಒಡೆಯರು ಬದಲಾದಾಗಲೆಲ್ಲ ಸಾಲದ ಲೆಕ್ಕ ಬದಲಾಗುತ್ತದೆ, ಹಳಬರು ಒಪ್ಪಿಕೊಂಡದ್ದು ಹೊಸಬರಿಗೆ ಬೇಡವಾಗುತ್ತದೆ. ಆದರೆ ಒಡೆಯರಿಗಿಂತ ಸೂಪರ್‌ಮ್ಯಾನ್ ಹಳಬ, ಅವನನ್ನು ಪ್ರೀತಿಸುವವರೂ ಹಳಬರು.

ಅವನ ಹುಟ್ಟಿನ ಕತೆಯನ್ನೂ ನೀವು ಮರೆಯಬಾರದು. 1938ರಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಕ್ಲೀವ್‌ಲ್ಯಾಂಡಿನ ಇಬ್ಬರು ಹುಡುಗರು 130 ಡಾಲರಿಗೆ ಸೂಪರ್‌ಮ್ಯಾನ್‌ನ ಹಕ್ಕು ಬರೆದುಕೊಟ್ಟರು. ಅವನಿಂದ ಬೇರೆಯವರು ಶ್ರೀಮಂತರಾದರು, ಇವರು ಕಷ್ಟದಲ್ಲಿ ಮುದುಕರಾದರು. 1975ರಲ್ಲಿ, ನೀಲ್ ಆಡಮ್ಸ್ ಮುಂತಾದ ಚಿತ್ರಕಾರರು ಬಹಿರಂಗವಾಗಿ ದನಿ ಎತ್ತಿದ ಮೇಲೆ, ಅಂದಿನ ವಾರ್ನರ್ ಸಂಸ್ಥೆ ಇಬ್ಬರಿಗೂ ವರ್ಷಕ್ಕೆ 20,000 ಡಾಲರ್ ಕೊಡಲು ಮತ್ತು ಸೃಷ್ಟಿಕರ್ತರೆಂದು ಅವರ ಹೆಸರು ಹಾಕಲು ಒಪ್ಪಿತು. ಬ್ಯಾಟ್‌ಮ್ಯಾನ್‌ನನ್ನು ರೂಪಿಸಿದವರಲ್ಲಿ ಒಬ್ಬರಾದ ಬಿಲ್ ಫಿಂಗರ್ 1974ರಲ್ಲಿ ತೀರಿಕೊಂಡರು. ಅವರ ಹೆಸರು ಅಧಿಕೃತವಾಗಿ ಸೇರಿದ್ದು 2015ರಲ್ಲಿ, ಮೊಮ್ಮಗಳು ಮತ್ತು ಓದುಗರು ಪಟ್ಟು ಹಿಡಿದ ಮೇಲೆ. ಎರಡೂ ಸಲ ಸಂಸ್ಥೆಯನ್ನು ನ್ಯಾಯದ ಕಡೆ ತಂದದ್ದು ಹೊರಗಿನ ದನಿ. ಇಂದು ಜಗಳಾಡುತ್ತಿರುವ ಅಭಿಮಾನಿಗಳನ್ನು ತಲೆನೋವೆಂದು ತಳ್ಳಿಹಾಕುವ ಮೊದಲು ಇದನ್ನು ನೆನೆಯಿರಿ.

ಅಭಿಮಾನಿ ಗೆಳೆಯರೇ, ನಿಮಗೂ ಎರಡು ಮಾತು. ನಾವು ಕನ್ನಡದವರು ಒಂದೇ ಮಹಾಭಾರತವನ್ನು ಹಲವು ಬಗೆಯಲ್ಲಿ ಓದಿ ಬೆಳೆದವರು. ಪಂಪನಿಗೆ ಅರ್ಜುನ ನಾಯಕ, ರನ್ನನಿಗೆ ಭೀಮ, ಕುಮಾರವ್ಯಾಸನಿಗೆ ಎಲ್ಲವೂ ಕೃಷ್ಣಮಯ. ಒಬ್ಬರನ್ನು ಮೆಚ್ಚಲು ಇನ್ನೊಬ್ಬರನ್ನು ಸುಡಬೇಕೆಂದು ನಮ್ಮ ಹಿರಿಯರು ಹೇಳಿಕೊಡಲಿಲ್ಲ. ಸ್ನೈಡರ್‌ನ ನೊಂದ ಸೂಪರ್‌ಮ್ಯಾನ್, ಗನ್‌ನ ನಗುವ ಸೂಪರ್‌ಮ್ಯಾನ್, ಕ್ರಿಸ್ಟೋಫರ್ ರೀವ್ ನಟಿಸಿದ ಸೌಮ್ಯ ಸೂಪರ್‌ಮ್ಯಾನ್ ಮೂವರಿಗೂ ಜಾಗವಿದೆ. ಹೊಸ ನಟನನ್ನು ಹಂಗಿಸಿದರೆ ಹಳೆಯ ನಟ ಮರಳುವುದಿಲ್ಲ. ಕೊರೆನ್ಸ್‌ವೆಟ್ ಯಾರ ಪಾತ್ರವನ್ನೂ ಕದ್ದಿಲ್ಲ, ಕರೆದ ಕೆಲಸಕ್ಕೆ ಬಂದವರು. ಕೇಳಬೇಕಾದದ್ದನ್ನು ಕೇಳಬೇಕಾದವರ ಬಳಿಯೇ ಕೇಳೋಣ.

ಪೂರ್ತಿ ಸಿನಿಮಾ ನೋಡುವ ಹಕ್ಕಿನ ಪ್ರಶ್ನೆ ನಮ್ಮ ನೆಲದಲ್ಲೂ ಎದ್ದಿತು. ಗನ್ ಅವರ ‘ಸೂಪರ್‌ಮ್ಯಾನ್’ ಭಾರತಕ್ಕೆ ಬಂದಾಗ ಸೂಪರ್‌ಮ್ಯಾನ್ ಮತ್ತು ಲೋಯಿಸ್ ಲೇನ್ ಮುತ್ತಿಡುವ 33 ಸೆಕೆಂಡುಗಳನ್ನು ಸೆನ್ಸಾರ್ ಮಂಡಳಿ ತೆಗೆಸಿತು. ಇಲ್ಲಿನ ಪ್ರೇಕ್ಷಕರು ಅದನ್ನು ಬಹಿರಂಗವಾಗಿ ವಿರೋಧಿಸಿದರು. ಅದು ನಿಮ್ಮ ತಪ್ಪಲ್ಲ. ಆದರೆ ದುಡ್ಡು ಕೊಟ್ಟ ಪ್ರೇಕ್ಷಕನಿಗೆ ಕತ್ತರಿ ಯಾರ ಕೈಯಲ್ಲಿದ್ದರೂ ಆಗುವ ಅವಮಾನ ಒಂದೇ.

ನೀವು ಸರಿದಾರಿಗೆ ಬರುತ್ತಿರುವ ಸೂಚನೆಗಳೂ ಇವೆ. ಚಿತ್ರಕತೆ ಪೂರ್ತಿ ಸಿದ್ಧವಾಗದೆ ಯಾವ ಚಿತ್ರಕ್ಕೂ ಒಪ್ಪಿಗೆ ಕೊಡುವುದಿಲ್ಲ ಎಂದು ಗನ್ ಹೇಳಿದ್ದಾರೆ. ಅದು ಒಳ್ಳೆಯ ನಿಯಮ. ಇನ್ನೊಂದು ದಾರಿಯನ್ನು ನಿಮ್ಮದೇ ಸಂಸ್ಥೆ ತೋರಿಸಿದೆ. ‘ಕಯೋಟಿ ವರ್ಸಸ್ ಆಕ್ಮಿ’ ಎಂಬ ಮುಗಿದ ಚಿತ್ರವನ್ನು 2023ರ ನವೆಂಬರಿನಲ್ಲಿ ಹೀಗೆಯೇ ಹೂಳಲು ಹೊರಟಿದ್ದಿರಿ. ಚಿತ್ರರಂಗದವರೂ ಪ್ರೇಕ್ಷಕರೂ ತಿರುಗಿಬಿದ್ದರು. 2025ರ ಮಾರ್ಚಿನಲ್ಲಿ ಅದನ್ನು ಕೆಚಪ್ ಎಂಟರ್‌ಟೇನ್‌ಮೆಂಟ್ ಎಂಬ ಚಿಕ್ಕ ವಿತರಣಾ ಸಂಸ್ಥೆ ಕೊಂಡಿತು. ನಿಮಗೆ ಬೇಡವಾದ ಸಿನಿಮಾ ಇನ್ನೊಬ್ಬರಿಗೆ ಬೇಕಾಗಿರಬಹುದು ಎಂಬುದಕ್ಕೆ ಇದು ಸಾಕ್ಷಿ.

ನನ್ನ ಕೋರಿಕೆ ಮೂರು. ನಿರ್ದೇಶಕರನ್ನು ಆರಿಸುವಾಗ ಬೇಕಾದಷ್ಟು ಯೋಚಿಸಿ, ಆರಿಸಿದ ಮೇಲೆ ಅವರ ಸಿನಿಮಾವನ್ನು ಅವರಿಗೇ ಮುಗಿಸಲು ಬಿಡಿ. ಮುಗಿದ ಚಿತ್ರ ನಿಮಗೆ ಹಿಡಿಸದಿದ್ದರೆ ಮಾರಿ, ಕೊಲ್ಲಬೇಡಿ. ‘ಬ್ಯಾಟ್‌ಗರ್ಲ್’ ಚಿತ್ರದ ದೃಶ್ಯಗಳು ನಿಮ್ಮ ಬಳಿ ಎಲ್ಲಿಯಾದರೂ ಉಳಿದಿದ್ದರೆ ಅವನ್ನು ಜೋಪಾನವಾಗಿಡಿ, ತೆರಿಗೆಯ ತೊಡಕು ಬಿಡಿಸಿ ಒಂದು ದಿನ ಹೊರತನ್ನಿ. ಡಾನರ್ ಪ್ರತಿಗೆ 26 ವರ್ಷ ಕಾದ ಜನ ನಾವು, ಇದಕ್ಕೂ ಕಾಯುತ್ತೇವೆ. ಚಿತ್ರ ಚೆನ್ನಾಗಿದ್ದರೆ ಕೊಂಡಾಡುತ್ತೇವೆ, ಇಲ್ಲದಿದ್ದರೆ ಇಲ್ಲವೆಂದು ಹೇಳುತ್ತೇವೆ. ಆ ತೀರ್ಪು ನಮಗೆ ಸೇರಿದ್ದು. ದಯವಿಟ್ಟು ಅದನ್ನು ನಮಗೆ ಬಿಟ್ಟುಕೊಡಿ.

ಇಂತಿ,
ಕನ್ನಡದ ಒಬ್ಬ ಪ್ರೇಕ್ಷಕ